ಬಸುರಿ, ಕುದುರೆ, ಸುಲಭ ಹೆರಿಗೆ: ಸತ್ಯಾಂಶ

ಮುಂಬಯಿ ಸಮೀಪದ, ಕುದುರೆ ಏರಿ ಸುತ್ತುವ ಗಿರಿಧಾಮ ಮಾಥೇರಾನ್ ಪ್ರವಾಸದ ಮಾತೆದ್ದಾಗಲೆಲ್ಲ ಮುಂಬಯಿ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತದೆ: ಬಸುರಿ ಕುದುರೆ ಏರಿದರೆ ಹೆರಿಗೆ ಸುಲಭ, ಹೆತ್ತು 40 ದಿನವಾದರೆ ಮತ್ತೆ ಏರಬಹುದು. ಕಳಿಸುವವರದು ಕಾಳಜಿಯೇ. ಆದರೆ ಎರಡಕ್ಕೂ ಆಧಾರವಿಲ್ಲ.

ಮುಖ್ಯ ಅಪಾಯ ಬೀಳುವುದು. ಸುಮಾರು 12 ವಾರಗಳ ನಂತರ ಗರ್ಭಕೋಶ ಸೊಂಟದ ಮೂಳೆಗಳ ಆಸರೆ ಬಿಟ್ಟು ಮೇಲೇರುತ್ತದೆ. ಹೊಟ್ಟೆಗೆ ಜೋರು ಪೆಟ್ಟಾದರೆ ಮಾಸು (ಪ್ಲಾಸೆಂಟಾ) ಕಳಚಿಕೊಳ್ಳಬಹುದು. ಪಳಗಿದ ಕುದುರೆಯೂ ಬೆಚ್ಚುತ್ತದೆ, ಮಾಥೇರಾನಿನಲ್ಲಿ ಕೋತಿಗಳಿಗೇನು ಬರವೇ?

ಬಾಣಂತನದ ಬಳಿಕ ಮತ್ತೆ ಕುದುರೆ ಏರಲು ಎಲ್ಲರಿಗೂ ಒಂದೇ ದಿನಾಂಕವಿಲ್ಲ. ಹೊಲಿಗೆ, ಸಿಸೇರಿಯನ್ ಗಾಯ, ಕೆಳಹೊಟ್ಟೆಯ ಸ್ನಾಯುಗಳ ಬಲ ನೋಡಿ ವೈದ್ಯರು ಹೇಳಬೇಕು.

ಇಂಥ ಸಂದೇಶದಲ್ಲಿ ‘ವೈದ್ಯರ ಪ್ರಕಾರ’ ಎಂದಿದ್ದರೆ ಯಾವ ವೈದ್ಯರು, ಯಾವ ವರ್ಷ ಎಂದು ಹುಡುಕಿ. ಪ್ರಸೂತಿ ತಜ್ಞರ ಸಂಘಗಳ ವ್ಯಾಯಾಮ ಸಲಹೆಗಳನ್ನು ತೆರೆದರೆ, ಬಸುರಿಯರು ಬಿಡಬೇಕಾದ ಚಟುವಟಿಕೆಗಳ ಸಾಲಿನಲ್ಲಿ ಕುದುರೆ ಸವಾರಿ ಸಿಗುತ್ತದೆ. ನಡಿಗೆ, ಈಜು ಮಾಡಬಹುದಾದವುಗಳಲ್ಲಿವೆ.