ಹೊತ್ತು ಮುಳುಗುವ ಮುನ್ನ ಕೊಡಬೇಕಾದ ಕೂಲಿ

ಕಳೆದ ಮಳೆಗಾಲಕ್ಕೆ ಮುಂಚೆ ಮಂಗಳೂರಿನ ನಮ್ಮ ಮನೆಯ ಹಿಂಬದಿಯ ಕಾಂಪೌಂಡ್ ಗೋಡೆಯನ್ನು ದುರಸ್ತಿ ಮಾಡಿಸಿದೆ. ಕೆಲಸಕ್ಕೆ ಬಂದವರು ಬಾಗಲಕೋಟೆ ಕಡೆಯ ಗಂಡ ಹೆಂಡತಿ. ಆತ ಗಾರೆ ಕೆಲಸದವನು, ಆಕೆ ಕಲ್ಲು ಮಣ್ಣು ಹೊರುವವಳು. ಶನಿವಾರ ಸಂಜೆ ಬಟವಾಡೆಯ ಹೊತ್ತಿಗೆ ಇಬ್ಬರೂ ಕೈಕಾಲು ತೊಳೆದುಕೊಂಡು ಗೇಟಿನ ಬಳಿ ನಿಂತಿದ್ದರು. ನಾನು ಸತ್ಯವೇದವನ್ನು, ಅಂದರೆ ಬೈಬಲನ್ನು, ಕಂಕುಳಲ್ಲಿಟ್ಟುಕೊಂಡು ಪ್ರಾರ್ಥನಾ ಕೂಟಕ್ಕೆ ಹೊರಟಿದ್ದೆ. ಕೈಯಲ್ಲಿ ಅಷ್ಟು ನಗದು ಇರಲಿಲ್ಲ, ಎಟಿಎಂಗೆ ಹೋಗಿ ಬಂದರೆ ಕೂಟಕ್ಕೆ ತಡವಾಗುತ್ತಿತ್ತು. "ಸೋಮವಾರ ಬಾರಪ್ಪ, ಒಟ್ಟಿಗೇ ಲೆಕ್ಕ ಮುಗಿಸೋಣ" ಎಂದೆ. "ಆಯ್ತು ಸರ್" ಎಂದು ಅವರು ಹೋದರು. ಕೂಟದಲ್ಲಿ ಅಂದು ಸಾಕ್ಷಿ ಹೇಳುವ, ಅಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುವ ಸರದಿಯೂ ನನ್ನದೇ ಆಗಿತ್ತು.

ಮರುದಿನ ಆರಾಧನೆಯಲ್ಲಿ ದಶಮಾಂಶದ ಕುರಿತು, ಅಂದರೆ ಆದಾಯದ ಹತ್ತನೆಯ ಒಂದು ಪಾಲನ್ನು ದೇವರಿಗೆ ಕೊಡುವುದರ ಕುರಿತು, ಪ್ರಸಂಗವಿತ್ತು. ಓದಿದ ವಾಕ್ಯ ಸಭೆಯಲ್ಲಿ ಎಲ್ಲರಿಗೂ ಗೊತ್ತಿರುವ, ಪ್ರವಾದಿ ಮಲಾಕಿಯನ ಗ್ರಂಥದ 3:10: ದಶಮಾಂಶವನ್ನೆಲ್ಲ ಬೊಕ್ಕಸಕ್ಕೆ ತನ್ನಿರಿ, ನಾನು ಪರಲೋಕದ ದ್ವಾರಗಳನ್ನು ತೆರೆಯುತ್ತೇನೋ ಇಲ್ಲವೋ ಪರೀಕ್ಷಿಸಿ ನೋಡಿರಿ ಎಂಬುದು. ನಾನು ಆರಾಧನೆಗೆ ಒಯ್ಯುವುದು ತೀರಿಹೋದ ನನ್ನ ತಂದೆಯವರ ಹಳೆಯ ಸತ್ಯವೇದ. ಅದರಲ್ಲಿ ಆ ವಾಕ್ಯದ ಕೆಳಗೆ ಅವರು ಕೆಂಪು ಪೆನ್ಸಿಲಿನಿಂದ ಎರಡೆರಡು ಗೆರೆ ಎಳೆದಿದ್ದಾರೆ. ಗೆರೆಯನ್ನು ನೋಡುತ್ತಿದ್ದಂತೆ ಕಣ್ಣು ಹಾಗೆಯೇ ಮೇಲಕ್ಕೆ ಹೋಗಿ ಅದೇ ಅಧ್ಯಾಯದ ಐದನೆಯ ವಾಕ್ಯದ ಮೇಲೆ ನಿಂತಿತು. ಅಲ್ಲಿ ದೇವರು ತಾನು ಯಾರ ವಿರುದ್ಧ ಸಾಕ್ಷಿ ಹೇಳಲು ಬರುತ್ತೇನೆಂದು ಒಂದು ಪಟ್ಟಿ ಕೊಡುತ್ತಾನೆ: ಮಾಟಗಾರರು, ವ್ಯಭಿಚಾರಿಗಳು, ಸುಳ್ಳು ಪ್ರಮಾಣ ಮಾಡುವವರು; ಅವರ ಸಾಲಿನಲ್ಲಿಯೇ ಕೂಲಿಯವನಿಗೆ ಕೂಲಿಯಲ್ಲಿ ಅನ್ಯಾಯ ಮಾಡುವವರು, ವಿಧವೆಯನ್ನೂ ಅನಾಥನನ್ನೂ ಬಾಧಿಸುವವರು, ಪರದೇಶಿಯ ನ್ಯಾಯವನ್ನು ತಪ್ಪಿಸುವವರು. ಈ ವಾಕ್ಯದ ಕೆಳಗೆ ತಂದೆಯವರ ಗೆರೆ ಇರಲಿಲ್ಲ, ನನ್ನದೂ ಇರಲಿಲ್ಲ. ಐವತ್ತು ವರ್ಷಗಳಿಂದ ಸಭೆಯಲ್ಲಿ ಕುಳಿತು ಹತ್ತನೆಯ ವಾಕ್ಯದ ಮೇಲೆ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ಐದನೆಯದರ ಮೇಲೆ ಒಂದನ್ನೂ ಕೇಳಿದ ನೆನಪಿಲ್ಲ.

ದಶಮಾಂಶ ಕೊಡಬಾರದೆಂದು ನಾನು ಹೇಳುತ್ತಿಲ್ಲ, ನಾನೂ ಕೊಡುತ್ತೇನೆ. ಆದರೆ ಐದನೆಯ ವಾಕ್ಯವನ್ನು ದಾಟಿಕೊಂಡೇ ಹತ್ತನೆಯದಕ್ಕೆ ಬರಬೇಕೆಂಬುದನ್ನು ನಾವು ಮರೆತಿದ್ದೇವೆ. ಮನೆಗೆ ಬಂದು ಹುಡುಕುತ್ತಾ ಹೋದಾಗ ಈ ಕೂಲಿಯ ಮಾತು ಸತ್ಯವೇದದಲ್ಲಿ ಎಷ್ಟು ಸಲ ಬಂದಿದೆ ಎಂದು ಕಂಡು ನಾಚಿಕೆಯಾಯಿತು. ಯಾಜಕಕಾಂಡ 19:13 ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ನಿನ್ನಲ್ಲಿ ಇಟ್ಟುಕೊಳ್ಳಬಾರದು ಎನ್ನುತ್ತದೆ. "ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು" ಎಂದು ನಾವು ಭಾನುವಾರ ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸುವ ವಾಕ್ಯ ಬರುವುದು ಇದಾದ ಐದು ವಾಕ್ಯಗಳ ಬಳಿಕ, ಅದೇ ಅಧ್ಯಾಯದ 18ರಲ್ಲಿ. ನೆರೆಯವನ ಪ್ರೀತಿಯ ಮಾತಿಗೆ ಮೋಶೆಯ ಧರ್ಮಶಾಸ್ತ್ರದಲ್ಲಿರುವ ನೆರೆಹೊರೆಯೇ ಇಂಥದ್ದು: ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡುವುದು, ಕೂಲಿಯನ್ನು ತಡೆಹಿಡಿಯದಿರುವುದು, ಸರಿಯಾದ ತಕ್ಕಡಿ ಇಟ್ಟುಕೊಳ್ಳುವುದು.

ಧರ್ಮೋಪದೇಶಕಾಂಡ 24:14-15 ಇನ್ನೂ ಬಿಗಿಯಾಗಿದೆ. ಕೂಲಿಯವನು ನಿನ್ನ ಸಹೋದರನಾಗಿರಲಿ, ನಿನ್ನ ಊರಲ್ಲಿರುವ ಪರದೇಶಿಯಾಗಿರಲಿ, ಆ ದಿನದ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು. ಅಲ್ಲಿ ಕೊಟ್ಟಿರುವ ಕಾರಣವನ್ನು ನಾನು ಹಲವು ಸಲ ಓದಿಕೊಂಡೆ: ಅವನು ಬಡವನು, ಅದರ ಮೇಲೆಯೇ ಮನಸ್ಸಿಟ್ಟುಕೊಂಡಿದ್ದಾನೆ. ಹೀಬ್ರೂ ಮೂಲದಲ್ಲಿ, ಅವನು ತನ್ನ ಪ್ರಾಣವನ್ನೇ ಅದರ ಕಡೆಗೆ ಎತ್ತಿದ್ದಾನೆ ಎಂಬರ್ಥದ ಮಾತಿದೆ. ಕೀರ್ತನೆಗಾರನು "ಕರ್ತನೇ, ನನ್ನ ಪ್ರಾಣವನ್ನು ನಿನ್ನ ಕಡೆಗೆ ಎತ್ತುತ್ತೇನೆ" ಎಂದು ಪ್ರಾರ್ಥಿಸುವಾಗಲೂ ಇದೇ ಪದಗಳು. ನನ್ನ ಗೇಟಿನ ಬಳಿ ನಿಂತಿದ್ದವನ ನಿಲುವು, ಪ್ರಾರ್ಥನೆಗೆ ಹೊರಟಿದ್ದ ನನ್ನ ಕಣ್ಣಿಗೆ ಕಾಣಲೇ ಇಲ್ಲ.

ಹಳೆಯ ಯೆಹೂದಿ ಧರ್ಮಶಾಸ್ತ್ರಿಗಳು ಈ ಎರಡು ವಾಕ್ಯಗಳನ್ನು ಒಟ್ಟಿಗಿಟ್ಟು ನೋಡಿ, ಹಗಲು ದುಡಿದವನಿಗೆ ರಾತ್ರಿ ಕಳೆಯುವುದರೊಳಗೆ, ರಾತ್ರಿ ದುಡಿದವನಿಗೆ ಹಗಲು ಕಳೆಯುವುದರೊಳಗೆ ಕೊಡಬೇಕೆಂದು ತಮ್ಮ ನಿಯಮಗಳ ಹಳೆಯ ಸಂಗ್ರಹವಾದ ಮಿಷ್ನಾದಲ್ಲಿ ಗಡುವು ಕಟ್ಟಿದರು. ಅವರು ನಿಯಮದ ಅಕ್ಷರಕ್ಕೆ ಅಂಟಿಕೊಂಡವರೆಂದು ನಾವು ಸಲೀಸಾಗಿ ಟೀಕಿಸುತ್ತೇವೆ. ಕೂಲಿಯ ವಿಷಯದಲ್ಲಾದರೂ ಆ ಅಕ್ಷರ ನನ್ನಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಮತ್ತಾಯ 20ರಲ್ಲಿ ಯೇಸು ಹೇಳಿದ ದ್ರಾಕ್ಷೇತೋಟದ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ನಾವು ಯಾವಾಗಲೂ ಕೃಪೆಯ ಪಾಠವಾಗಿ ಓದುತ್ತೇವೆ: ಕಡೆಯ ಒಂದು ತಾಸು ದುಡಿದವನಿಗೂ ಪೂರ್ತಿ ದಿನದ ಕೂಲಿಯಾದ ಒಂದು ದಿನಾರಿ ನಾಣ್ಯ ಸಿಕ್ಕಿತು. ಆ ಓದು ತಪ್ಪಲ್ಲ. ಆದರೆ ಎಂಟನೆಯ ವಾಕ್ಯ ಸಂಜೆಯಾದಾಗ ಎಂದೇ ಆರಂಭವಾಗುತ್ತದೆ. ಯಜಮಾನನು ಪಾರುಪತ್ಯಗಾರನನ್ನು ಕರೆದು ಆಳುಗಳಿಗೆ ಕೂಲಿ ಕೊಡಿಸುತ್ತಾನೆ. ಕೃಪೆ ತೋರಿದ ಆ ಯಜಮಾನನು ಧರ್ಮಶಾಸ್ತ್ರದ ಗಡುವನ್ನು ಮೀರಲಿಲ್ಲ. ನಮ್ಮಲ್ಲಿ ಅನೇಕರದು ಇದರ ತಿರುವುಮುರುವು. ಸಭೆಯ ಬೆಳೆ ಹಬ್ಬದ ಏಲಂನಲ್ಲಿ ಒಂದು ತೆಂಗಿನಕಾಯಿಗೆ ಸಾವಿರ ರೂಪಾಯಿ ಕೂಗುತ್ತೇವೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದೇ ತೆಂಗಿನಕಾಯಿ ಕೊಯ್ದವನಿಗೆ ಚಿಲ್ಲರೆಯಿಲ್ಲ, ನಾಳೆ ಬಾ ಎನ್ನುತ್ತೇವೆ. ನಾನೂ ಕೂಗಿದ್ದೇನೆ, ನಾನೂ ನಾಳೆ ಬಾ ಎಂದಿದ್ದೇನೆ.

ಕರಾವಳಿಯ ಪ್ರೊಟೆಸ್ಟಂಟ್ ಕ್ರೈಸ್ತರಾದ ನಮಗೆ ಇದು ಹೊರಗಿನ ವಿಷಯವೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದದ್ದಕ್ಕೆ ಒಂದು ಮುಖ್ಯ ಕಾರಣ, ದೀಕ್ಷಾಸ್ನಾನ ಪಡೆದವರು ಜಾತಿಯನ್ನು ಕಳೆದುಕೊಂಡದ್ದರ ಜೊತೆಗೆ ಕಸುಬನ್ನೂ ಅನ್ನವನ್ನೂ ಕಳೆದುಕೊಂಡದ್ದು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಬಟವಾಡೆಯ ಸಾಲಿನಲ್ಲಿ ನಿಂತವರು. ಎರಡು ಮೂರು ತಲೆಮಾರು ಕಳೆದು ನಾವು ಸಾಲಿನ ಆಚೆ ಬದಿಗೆ, ಹಣ ಎಣಿಸಿಕೊಡುವ ಬದಿಗೆ ಬಂದಿದ್ದೇವೆ. ಸಾಲಿನಲ್ಲಿ ನಿಂತವರು ಈಗ ಬಾಗಲಕೋಟೆ, ಗದಗ, ಕೊಪ್ಪಳಗಳಿಂದ, ಬಿಹಾರ, ಒಡಿಶಾಗಳಿಂದ ಬಂದವರು. ಮಲಾಕಿಯನು ಹೇಳಿದ ಪರದೇಶಿಯನ್ನು ನಾವು ದೂರ ಹುಡುಕಬೇಕಾಗಿಲ್ಲ.

ಗಾರೆಯವನು ಸೋಮವಾರ ಬರಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿತ್ತಂತೆ, ಒಂದು ದಿನದ ಕೂಲಿ ಬಿಟ್ಟು ನನ್ನಲ್ಲಿಗೆ ಬರುವಂತಿರಲಿಲ್ಲ. ಮೇಸ್ತ್ರಿಯಿಂದ ವಿಳಾಸ ತಿಳಿದುಕೊಂಡು ಮಂಗಳವಾರ ರಾತ್ರಿ ನಾನೇ ಅವರ ಬಿಡಾರಕ್ಕೆ ಹೋದೆ. ಭಾನುವಾರ ಅಂಗಡಿಯವರು ಸಾಲ ಕೊಡಲಿಲ್ಲವೆಂದೂ ಪಕ್ಕದ ಬಿಡಾರದವರಿಂದ ಅಕ್ಕಿ ತಂದೆವೆಂದೂ ಆತನ ಹೆಂಡತಿ ಸಹಜವಾಗಿಯೇ ಹೇಳಿದಳು. ತಪ್ಪಾಯಿತು ಎಂದೆ. "ಇರ್ಲಿ ಬಿಡ್ರಿ ಸಾಹೇಬ್ರ, ನೀವು ಕೊಡ್ತೀರಿ ಅಂತ ಗೊತ್ತಿತ್ರಿ" ಎಂದ ಆತ ನೋಟುಗಳನ್ನು ಎರಡು ಸಲ ಎಣಿಸಿದ.

ಈಗ ಶನಿವಾರ ಬೆಳಿಗ್ಗೆಯೇ ಹಣ ತಂದು, ಚಿಲ್ಲರೆ ಮಾಡಿಸಿ, ಲಕೋಟೆಯಲ್ಲಿಡುತ್ತೇನೆ. ಅಷ್ಟರಿಂದ ನನ್ನ ಲೆಕ್ಕ ಚುಕ್ತಾ ಆಗಲಿಲ್ಲ, ಏಕೆಂದರೆ ನಾನು ನಮ್ಮ ಸಭೆಯ ಕಟ್ಟಡ ಸಮಿತಿಯ ಸದಸ್ಯನೂ ಹೌದು. ಕ್ರಿಸ್ಮಸ್‌ಗೆ ಮುಂಚೆ ದೇವಾಲಯಕ್ಕೆ ಸುಣ್ಣಬಣ್ಣ ಮಾಡಿದವರ ಬಿಲ್ಲು ಸಮಿತಿಯ ಒಪ್ಪಿಗೆ, ಖಜಾಂಚಿಯ ರುಜು, ಆಡಿಟರ ಪ್ರಶ್ನೆ ಎಂದು ಸುತ್ತುತ್ತಾ ನಾಲ್ಕು ತಿಂಗಳಾಯಿತು. ಯೆರೆಮೀಯ 22:13 ನೆರೆಯವನಿಂದ ಬಿಟ್ಟಿ ದುಡಿಸಿಕೊಂಡು ಮನೆ ಕಟ್ಟಿಸುವವನ ಗತಿಯನ್ನು ಹೇಳುತ್ತದೆ. ಅದು ದೇವದಾರಿನ ಹಲಗೆ ಹೊದಿಸಿದ ಅರಮನೆಯ ಮೋಹದಲ್ಲಿದ್ದ ಅರಸ ಯೆಹೋಯಾಕೀಮನಿಗೆ ಹೇಳಿದ ಮಾತು. ಅವನ ತಂದೆ ಯೋಷೀಯನು ದೀನದರಿದ್ರರಿಗೆ ನ್ಯಾಯ ತೀರಿಸುತ್ತಿದ್ದನು, ನನ್ನನ್ನು ತಿಳಿಯುವುದು ಎಂದರೆ ಇದೇ ಅಲ್ಲವೇ ಎಂದು ದೇವರು ಮುಂದೆ ಕೇಳುತ್ತಾನೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸಮಿತಿಯ ಸಭೆಯಿದೆ. ಬಣ್ಣದವರ ಬಿಲ್ಲನ್ನು ಮೊದಲನೆಯ ವಿಷಯವಾಗಿ ತೆಗೆದುಕೊಳ್ಳಬೇಕೆಂದು ಕಾರ್ಯದರ್ಶಿಯವರಿಗೆ ಬರೆದು ಕೊಟ್ಟಿದ್ದೇನೆ, ಚೆಕ್ ಪುಸ್ತಕವನ್ನು ಜೊತೆಗೆ ತರಬೇಕೆಂದು ಖಜಾಂಚಿಯವರಿಗೂ ಹೇಳಿದ್ದೇನೆ.