ಕೊಳವೆಬಾವಿ ಕೊರೆದ ಮರುದಿನದಿಂದ

ಉಗಾಂಡಾದ ಮಸಾಕಾ ಪಟ್ಟಣದಾಚೆಯ ಒಂದು ಹಳ್ಳಿಯಲ್ಲಿ ಸಿಸ್ಟರ್ ನನ್ನ ಮುಂದೆ ಮೊದಲು ತಂದಿಟ್ಟದ್ದು ಎರಡು ಲೋಟ ಚಹಾ. ಒಂದರ ಬಣ್ಣ ಸಹಜವಾಗಿತ್ತು, ಇನ್ನೊಂದು ಶಾಯಿಯಂತೆ ಕಪ್ಪಗಿತ್ತು. “ಕಪ್ಪಗಿರುವುದು ನಮ್ಮ ಬೋರ್‌ವೆಲ್ ನೀರಿನದ್ದು. ಇನ್ನೊಂದು ತಗ್ಗಿನ ಒರತೆ ನೀರಿನದ್ದು. ಎರಡನ್ನೂ ನೋಡಿ, ಆಮೇಲೆ ಮಾತಾಡುವ” ಎಂದರು. ಬೆಳ್ತಂಗಡಿ ತಾಲ್ಲೂಕಿನ ಈ ಸನ್ಯಾಸಿನಿ ಪೂರ್ವ ಆಫ್ರಿಕಕ್ಕೆ ಹೋಗಿ ಇಪ್ಪತ್ತು ವರ್ಷಗಳಿಗೂ ಹೆಚ್ಚಾಗಿದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಕೈಪಂಪುಗಳ ದುರಸ್ತಿಯಲ್ಲೇ ನೌಕರಿ ಮುಗಿಸಿದ ನಾನು, ಪರಿಚಿತರೊಬ್ಬರ ಮೂಲಕ ಅವರ ಕರೆ ಬಂದಾಗ ಮೂರು ತಿಂಗಳ ಮಟ್ಟಿಗೆ ಹೋಗಿದ್ದೆ.

ದಾನಿಗಳ ಪಟ್ಟಿಯಲ್ಲಿ ಆ ಬಾವಿ ‘ಚಾಲನೆಯಲ್ಲಿದೆ’ ಎಂದೇ ಇತ್ತು. ಹ್ಯಾಂಡಲ್ ಒತ್ತಿದರೆ ನೀರೂ ಬರುತ್ತಿತ್ತು. ಆದರೆ ಅದರಲ್ಲಿ ಒಗೆದ ಬಿಳಿ ಬಟ್ಟೆ ಕೆಂಪಗಾಗುತ್ತಿತ್ತು, ಬಾಯಿಗೆ ಕಬ್ಬಿಣದ ರುಚಿ ಹತ್ತುತ್ತಿತ್ತು, ಆದ್ದರಿಂದ ಹೆಂಗಸರೂ ಮಕ್ಕಳೂ ಹಳದಿ ಜೆರ್ರಿಕ್ಯಾನುಗಳನ್ನು ಹಿಡಿದು ದನಕರುಗಳು ಇಳಿಯುವ ಅದೇ ಹಳೆಯ ಒರತೆಗೆ ಹೋಗುತ್ತಿದ್ದರು.

ಮರುದಿನ ಪಂಪ್‌ಹೆಡ್ ಬಿಚ್ಚಿ, ಕ್ಲ್ಯಾಂಪ್ ಹಾಕಿ, ಮೂರು ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿದೆವು. ನಾಲ್ಕನೆಯ ಪೈಪಿನ ಥ್ರೆಡ್ಡು ರೆಂಚ್ ತಾಗುತ್ತಲೇ ಪುಡಿಪುಡಿಯಾಗಿ ಉದುರಿತು. ಏಳನೆಯದರ ಮೈಯಲ್ಲಿ ಕಿರುಬೆರಳ ತುದಿ ಹೋಗುವಷ್ಟು ತೂತುಗಳಿದ್ದವು, ಒಳಗಿನ ರಾಡು ಪೆನ್ಸಿಲ್ಲಿನಷ್ಟು ಸವೆದಿತ್ತು. ಜೊತೆಗಿದ್ದ ಹುಡುಗಿಯೊಬ್ಬಳು ಅಂಗೈಗೆ ಮೆತ್ತಿದ ಕೆಂಪು ರಾಡಿಯನ್ನು ಮೂಸಿ ಅಮ್ಮನಿಗೆ ತೋರಿಸಿದಳು. ನೆಲದೊಳಗಿನ ನೀರು ಆಮ್ಲೀಯವಾಗಿದ್ದು ಅದರ ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಸತುವಿನ ಲೇಪ ಹೆಚ್ಚು ಕಾಲ ತಡೆಯುವುದಿಲ್ಲ. ಕಬ್ಬಿಣ ಕರಗುತ್ತ ಹೋಗುತ್ತದೆ. ಆ ಕಬ್ಬಿಣ ಚಹಾದ ಒಗರಿನೊಡನೆ ಸೇರಿದ್ದರಿಂದಲೇ ಲೋಟ ಕಪ್ಪಗಾದದ್ದು. ಕೊರೆದ ದಿನವೇ ಪಿಎಚ್ ಪರೀಕ್ಷೆ ಮಾಡಿ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪಿವಿಸಿ ಪೈಪು ಇಳಿಸಿದ್ದರೆ ಇದು ತಪ್ಪುತ್ತಿತ್ತು. ಉಗಾಂಡಾ ಸರಕಾರ 2016ರಲ್ಲಿ ಹೊಸ ಬಾವಿಗಳಿಗೆ ಜಿಐ ಪೈಪು, ರಾಡುಗಳ ಬಳಕೆಯನ್ನೇ ನಿಲ್ಲಿಸಿತು; ಅದಕ್ಕೂ ಮೊದಲು ಇಳಿಸಿದ ಪೈಪುಗಳು ಇನ್ನೂ ನೆಲದೊಳಗಿವೆ.

ಆ ಪಂಪನ್ನು ಬಿಚ್ಚುವಾಗ ನನಗೆ ಒಂದು ಬೋಲ್ಟೂ ಹೊಸದೆನಿಸಲಿಲ್ಲ. ಅಲ್ಲಿ ‘ಯು2’ ಎಂದು ಕರೆಯುವ ಈ ಪಂಪು ನಮ್ಮ ಹಳ್ಳಿಗಳ ಕೈಪಂಪಾದ ಇಂಡಿಯಾ ಮಾರ್ಕ್ 2ರ ಪಡಿಯಚ್ಚು. ಮಾರ್ಕ್ 2ರ ಬೇರು ಇರುವುದೂ ಮಿಷನರಿಗಳ ಕೆಲಸದಲ್ಲಿಯೇ. 1960ರ ದಶಕದಲ್ಲಿ ಮಹಾರಾಷ್ಟ್ರದ ಜಾಲ್ನಾದಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಮಿಷನ್‌ನವರು ಗಟ್ಟಿ ಬಂಡೆಯಲ್ಲಿ ಬಾವಿ ಕೊರೆಯುತ್ತಿದ್ದಾಗ, ಒಂದು ಮನೆಯ ಬಳಕೆಗೆಂದು ಮಾಡಿದ ಎರಕದ ಪಂಪುಗಳು ಇಡೀ ಊರಿನ ಕೈಗೆ ಸಿಕ್ಕು ಮತ್ತೆ ಮತ್ತೆ ಮುರಿಯುತ್ತಿದ್ದವು. ಬಾವಿ ಕೊರೆದವರು ಅಲ್ಲೇ ಉಳಿದಿದ್ದರಿಂದ ಮುರಿದದ್ದು ಅವರ ಕಣ್ಣಿಗೆ ಬಿತ್ತು. ಅವರು ಉಕ್ಕಿನಲ್ಲಿ ಹೊಸ ಪಂಪು ಮಾಡಿದರು, ಸೊಲ್ಲಾಪುರದಲ್ಲಿ ಸ್ವೀಡನ್ನಿನ ಆಸ್ಕರ್ ಕಾರ್ಲ್‌ಸನ್ ಅದನ್ನು ಇನ್ನಷ್ಟು ತಿದ್ದಿದರು, 1970ರ ದಶಕದಲ್ಲಿ ಯುನಿಸೆಫ್ ಮತ್ತು ಭಾರತ ಸರಕಾರ ಆ ಸೊಲ್ಲಾಪುರ ಪಂಪನ್ನು ಆಧರಿಸಿ ಮಾರ್ಕ್ 2ನ್ನು ರೂಪಿಸಿದವು. ಇನ್ನೂ ಹಿಂದೆ, ಅಲೆಕ್ಸಾಂಡರ್ ಮೆಕೆ ಎಂಬ ಸ್ಕಾಟಿಷ್ ಎಂಜಿನಿಯರ್ ಮಿಷನರಿಯಾಗಿ 1878ರಲ್ಲಿ ಇಂದಿನ ಉಗಾಂಡಾದ ಬುಗಾಂಡಾ ರಾಜ್ಯ ಸೇರಿ, ಬಾವಿ ತೋಡಿ, ಅಲ್ಲಿನ ಲುಗಾಂಡಾ ಭಾಷೆ ಕಲಿತು, ಒಮ್ಮೆಯೂ ತಾಯ್ನಾಡಿಗೆ ಮರಳದೆ 1890ರಲ್ಲಿ ಜ್ವರದಿಂದ ತೀರಿಕೊಂಡ. ಮಿಷನರಿ ಜೀವನ ಎಂದರೆ ನನಗೆ ಮೊದಲು ನೆನಪಾಗುವುದು ಹೀಗೆ ಊರಲ್ಲಿ ಉಳಿದುಬಿಡುವುದು.

ಈಗ ಫೇಸ್‌ಬುಕ್ಕಿನಲ್ಲಿ ನಾವು ನೋಡುತ್ತಿರುವುದು ಹತ್ತು ದಿನಗಳ ಪ್ರವಾಸಗಳ ಚಿತ್ರಗಳನ್ನು. ಬಾವಿ ಕೊರೆಯುವ ರಿಗ್ ಬರುತ್ತದೆ, ನೀರು ಚಿಮ್ಮುತ್ತದೆ, ಮಕ್ಕಳು ಕುಣಿಯುತ್ತಾರೆ, ದಾನಿಯ ಹೆಸರಿನ ಫಲಕ ಸಿಮೆಂಟಿನಲ್ಲಿ ಕೂರುತ್ತದೆ. ಆ ಸಂತೋಷ ನಿಜವಾದದ್ದು, ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಆಫ್ರಿಕದ ಸಹಾರಾ ದಕ್ಷಿಣ ಭಾಗದ ಕೈಪಂಪುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಯಾವುದೇ ಸಮಯದಲ್ಲಿ ಕೆಟ್ಟು ನಿಂತಿರುತ್ತದೆ ಎಂಬ ಅಂದಾಜನ್ನು ಓದಿದ ಮೇಲೆ, ಹೊಸ ಬಾವಿಗೆ ಸುಲಭವಾಗಿ ಸಿಗುವ ಹಣ ಹಳೆಯ ಬಾವಿಯ ಪೈಪಿಗೆ ಏಕೆ ಸಿಗುವುದಿಲ್ಲ ಎಂದು ನಾನು ಕೇಳಲೇಬೇಕಾಗಿದೆ. ನೀವು ಹಣ ಕಳುಹಿಸುವವರಾದರೆ ಎಷ್ಟು ಬಾವಿ ಕೊರೆದಿರಿ ಎಂದು ವಿಚಾರಿಸುವ ಮೊದಲು ಐದು ವರ್ಷದ ಹಿಂದೆ ಕೊರೆದದ್ದು ಹೇಗಿದೆ ಎಂದು ವಿಚಾರಿಸಿ.

ನೀರಿನ ನೆಪದಲ್ಲಿ ಮತಾಂತರ ನಡೆಯುವುದಿಲ್ಲವೇ ಎಂದು ಇಲ್ಲಿ ಹಲವರು ನನ್ನನ್ನು ಕೇಳಿದ್ದಾರೆ. ನಾನು ಕ್ರೈಸ್ತನಲ್ಲ. ನೀರಿಗೆ ಯಾವ ಷರತ್ತೂ ಇರಕೂಡದು ಎಂಬುದು ನನ್ನ ಗಟ್ಟಿಯಾದ ನಿಲುವು, ಮತ್ತು ಅದೇ ನಿಲುವಿನ ಸಿಸ್ಟರ್ ಅದಕ್ಕಾಗಿ ತಮ್ಮವರೊಡನೆಯೇ ವಾದಿಸಿದ್ದನ್ನು ಕಂಡಿದ್ದೇನೆ. ಮಿಷನ್ ಕಾಂಪೌಂಡಿನೊಳಗೆ ಬಾವಿ ಇದ್ದರೆ ಸಂಜೆ ಗೇಟು ಬೀಳುತ್ತದೆ, ಪಕ್ಕದ ಮುಸ್ಲಿಂ ಮನೆಗಳ ಹೆಂಗಸರು ಒಳಗೆ ಬರಲು ಹಿಂಜರಿಯುತ್ತಾರೆ. ಆದ್ದರಿಂದ ಮುಂದಿನ ಬಾವಿ ರಸ್ತೆ ಬದಿಯಲ್ಲೇ ಆಗಬೇಕೆಂದು ಅವರು ಪಟ್ಟು ಹಿಡಿದು ಗೆದ್ದರು.

ಅವರ ಬಳಿ ಒಂದು ಹಳೆಯ ರಿಜಿಸ್ಟರ್ ಇದೆ. ಅದರಲ್ಲಿ ಬಾವಿ ಕೊರೆದ ದಿನಾಂಕಗಳಿಲ್ಲ. ಪಂಪು ಕೆಟ್ಟ ದಿನ, ಸರಿಯಾದ ದಿನ, ನಡುವೆ ಹಳ್ಳಿ ನೀರಿಲ್ಲದೆ ಕಳೆದ ದಿನಗಳು, ರಿಪೇರಿ ಮಾಡಿದವರ ಹೆಸರು, ಇಷ್ಟನ್ನೇ ಬರೆದಿಡುತ್ತಾರೆ. ಹಿಂದಿನ ಪುಟಗಳಲ್ಲಿ ನೀರಿಲ್ಲದ ದಿನಗಳು 41, 67, ಒಂದು ಕಡೆ 112 ಎಂದಿತ್ತು. ನಾನಿದ್ದ ಮೂರು ತಿಂಗಳಲ್ಲಿ ಸ್ಟೀಲ್ ಪೈಪು ಹಾಕಿದ ನಾಲ್ಕು ಪಂಪುಗಳಿಗಿಂತ, ಹಳ್ಳಿಯ ಆರು ಮಂದಿಗೆ ಪಂಪು ಬಿಚ್ಚಿ ಜೋಡಿಸಲು ಕಲಿಸಿದ್ದರ ಬಗ್ಗೆ ನನಗೆ ಹೆಚ್ಚು ಸಮಾಧಾನವಿದೆ. ಮೊನ್ನೆ ಸಿಸ್ಟರ್ ಆ ರಿಜಿಸ್ಟರಿನ ಹೊಸ ಪುಟದ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದ್ದರು. ಪಂಪಿನ ಚೈನ್ ತುಂಡಾಗಿತ್ತು, 3 ದಿನ ಎಂದು ಬರೆದಿತ್ತು. ರಿಪೇರಿ ಮಾಡಿದವರ ಜಾಗದಲ್ಲಿ ಅಂದು ಅಂಗೈ ಮೂಸಿದ ಹುಡುಗಿಯ ಅಮ್ಮನ ಹೆಸರಿತ್ತು.