ರಿಸ್ಟೋರ್ ಒತ್ತಿದ ಭೂಪ

ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಆಂಟಿವೈರಸ್ ಕೆಂಪಗಾಯಿತು. 14 ಅಪಾಯಗಳು ಸಿಕ್ಕಿವೆ, ಏನು ಮಾಡಲಿ ಅಂತ ಕೇಳಿತು. ಇಂಥ ವಿಷಯದಲ್ಲಿ ನಾನು ಬಲು ಧೈರ್ಯವಂತ. ಓದದೆಯೇ 'ಓಕೆ' ಒತ್ತಿಬಿಟ್ಟೆ.

ತೆರೆದು ನೋಡಿದರೆ ಪೆನ್‌ಡ್ರೈವ್ ಬಟಾಬಯಲು. ಹತ್ತು ವರ್ಷದ ಫೋಟೋಗಳು, ನಾನು ಬರೆಯುತ್ತಿರುವ ಕಾದಂಬರಿ (ಅದು ಹೋದರೆ ಓದುಗರೇನೂ ಅಳುತ್ತಿರಲಿಲ್ಲ ಬಿಡಿ), ಎಲ್ಲ ಮಾಯ.

ಆಂಟಿವೈರಸ್‌ನಲ್ಲಿ ಕ್ವಾರಂಟೈನ್ ಅಂತ ಒಂದು ಕೋಣೆ ಇರುತ್ತದೆ, ಗೊತ್ತಲ್ವಾ? ಸಂಶಯ ಬಂದ ಫೈಲನ್ನು ಕೊಲ್ಲದೆ, ಕೈಕಾಲು ಕಟ್ಟಿ ಅಲ್ಲಿ ಕೂರಿಸುತ್ತದೆ. ತಪ್ಪಾಗಿ ಹಿಡಿದಿದ್ದರೆ ಬಿಟ್ಟು ಕಳಿಸೋಕೆ ರಿಸ್ಟೋರ್ ಗುಂಡಿ. ಇಣುಕಿದರೆ ನನ್ನ ಫೋಲ್ಡರುಗಳ ಹೆಸರೇ ಸಾಲಾಗಿ ಕೂತಿವೆ! ಒತ್ತಿದೆ. ಬಂದವು. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಒಳಗೆ. ನಾನು ಬಿಡಿಸುವುದು, ಅದು ಹಿಡಿಯುವುದು. ಅರ್ಧ ಗಂಟೆ ಇದೇ ಆಟ. ಕೊನೆಗೆ ರೇಗಿಹೋಗಿ ಆಂಟಿವೈರಸ್ಸನ್ನೇ ಆಫ್ ಮಾಡಿ ರಿಸ್ಟೋರ್ ಒತ್ತಿದೆ. ಎಲ್ಲ ಬಂದು ನಿಂತವು. ಫೋಟೋಗಳೂ ತೆರೆದವು. ಗೆದ್ದೆ ಅಂದುಕೊಂಡೆ.

ಲ್ಯಾಪ್‌ಟಾಪ್ ತೆವಳತೊಡಗಿದಾಗ ತಂಗಿಯ ಮಗನನ್ನು ಕರೆದೆ.

"ಮಾಮ, ಇವು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ಮೂಲೇಲಿ ಪುಟ್ಟ ಬಾಣ ಕಾಣ್ತಿಲ್ವಾ? ಒಂದೊಂದೂ ಬರೀ 2 ಕೆಬಿ. ನಿಮ್ಮ ಹತ್ತು ವರ್ಷ 2 ಕೆಬೀಲಿ ಹಿಡಿಯುತ್ತಾ?"

ಆ ವೈರಸ್ಸಿನ ಕಸುಬೇ ಅದಂತೆ. ಅಸಲಿ ಫೋಲ್ಡರನ್ನು ಕಾಣದ ಹಾಗೆ ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಮುಂದೆ ನಿಲ್ಲಿಸುತ್ತದೆ. ಅದನ್ನು ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ನುಗ್ಗುತ್ತದೆ. ಪಾಪ, ಆಂಟಿವೈರಸ್ ಹಿಡಿದದ್ದು ಕಳ್ಳರನ್ನೇ. ಜಾಮೀನು ಕೊಟ್ಟು ಕರೆತಂದವನು ನಾನು.

ಫೈಲುಗಳು ಎಲ್ಲಿಗೂ ಹೋಗಿರಲೇ ಇಲ್ಲ. 16 ಜಿಬಿಯ ಪೆನ್‌ಡ್ರೈವ್ ಖಾಲಿ ಕಂಡಾಗಲೂ 11 ಜಿಬಿ ತುಂಬಿದೆ ಅಂತಲೇ ತೋರಿಸುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಹುಡುಗ ಆಂಟಿವೈರಸ್ ಆನ್ ಮಾಡಿ ಪೂರ್ತಿ ಸ್ಕ್ಯಾನ್ ಹಾಕಿದ. ಆಮೇಲೆ ಕಪ್ಪು ಪರದೆಯಲ್ಲಿ 'ಅಟ್ರಿಬ್' ಅಂತ ಶುರುವಾಗುವ ಒಂದು ಸಾಲು ಟೈಪಿಸಿದ. ಫೋಲ್ಡರುಗಳು ಒಂದೊಂದಾಗಿ ಬೆಳಕಿಗೆ ಬಂದವು. ಎಲ್ಲ ಸರಿ ಇದೆಯಾ ಅಂತ ಸುಮ್ನೆ ನನ್ನ ಕಾದಂಬರಿ ತೆರೆದ. ಹುಬ್ಬು ಗಂಟಿಕ್ಕಿದ.

"ಮಾಮ, ಇದನ್ನ ಮಾತ್ರ ವೈರಸ್ ತಿಂದಿರೋ ಹಾಗಿದೆ. ಅರ್ಧಕ್ಕೇ ನಿಂತಿದೆ."

"ಹೌದಪ್ಪಾ," ಅಂದೆ.